ಎರಡು ಕರ್ಣ

ಪಂಡೂರಿಯ ಕತ್ತು ಕೊರೆಯಲು ಒಂದು ಯಂತ್ರ ಬೇಕು,
ಕೊಳ್ಳಲಾಗದು, ಮಾಡಿಕೊಳ್ಳೋಣ ಎಂದು ಹೊರಟವಳು ನಾನು.
ಮೂರು ತಂತಿಯ ವಾದ್ಯ, ಹಿಪ್ಪುನೇರಳೆ ಮರ,
ಬೆರಳು ತಾಗಿದರೆ ಸಾಕು, ಮೈಯೆಲ್ಲ ನಡುಕ.
ಯಂತ್ರ ಮಾತ್ರ ನಡುಗಕೂಡದು.

ರುಸ್ತಾವಿಯ ಹಳೇ ಬಡಾವಣೆಯ ಹಿಂದೆ
ಸಾಲು ತಗಡಿನ ಗ್ಯಾರೇಜು. ನಮ್ಮದು ನಲವತ್ತೊಂದು.
ಮಗನ ಲೆಕ್ಕದ ಪುಸ್ತಕದಿಂದ ಚೌಕಳಿ ಹಾಳೆ ಹರಿದು
ಚೌಕಟ್ಟು ಬರೆದೆ: ಉದ್ದ ಸಾವಿರದ ಇನ್ನೂರು,
ಅಗಲ ಎಂಟುನೂರು, ಐದು ಮಿಲಿಮೀಟರು ದಪ್ಪದ ಚೌಕ ಕೊಳವೆ.
ಮುರ್ಮನ್ ಮಾವ ಹಾಳೆ ತಿರುಗಿಸಿದ, ಮತ್ತೆ ತಿರುಗಿಸಿದ.
"ಸೇತುವೆ ಕಟ್ಟುತ್ತೀಯಾ, ಲಮಾರಾ?"
ನನ್ನ ನಾಲ್ಕು ಕಾಲಲ್ಲಿ ಒಂದನ್ನು ಹೊಡೆದುಹಾಕಿದ:
ಮೂರು ಕಾಲಿನದು ಯಾವತ್ತೂ ಕುಂಟುವುದಿಲ್ಲ.

ಕೊಳವೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವನು.
ಗಿರಣಿ ಅವನ ಎರಡೂ ಕಿವಿ ಇಟ್ಟುಕೊಂಡು
ಉಳಿದದ್ದನ್ನು ಮನೆಗೆ ಕಳಿಸಿತು.

ಮೊದಲು ಚುಕ್ಕೆ ಬೆಸುಗೆ. ಈ ಮೂಲೆಗೊಂದು, ಎದುರು ಮೂಲೆಗೊಂದು.
ಟೇಪು ಹಿಡಿದು ಆ ಕರ್ಣ ಅಳೆ, ಈ ಕರ್ಣ ಅಳೆ:
ಸಾವಿರದ ನಾನೂರ ನಲವತ್ತೆರಡು; ಅದೂ ಅಷ್ಟೇ.
ಎರಡೂ ಒಂದೇ ಬಂದರೆ ಚೌಕಟ್ಟು,
ಬಾರದಿದ್ದರೆ ಬರೀ ಆಸೆ.

ಅವನು ರೊಟ್ಟಿ ತರಲು ಹೋದ ಅರ್ಧ ಗಂಟೆ
ನನಗೆ ತಡೆಯಲಾಗಲಿಲ್ಲ.
ಒಂದು ಮೂಲೆ ಪೂರ್ತಿ ಎಳೆದುಬಿಟ್ಟೆ,
ಮೀನಿನ ಹುರುಪೆಯಂಥ ಚೆಂದದ ಬೆಸುಗೆ.
ಆರುತ್ತ ಆರುತ್ತ ಅದು
ಹಸಿದ ಕರು ಹಗ್ಗ ಎಳೆದ ಹಾಗೆ ಎಳೆಯಿತು.
ಕರ್ಣ ಮೂರು ಮಿಲಿಮೀಟರು ತಪ್ಪಿತು.

ಬಂದ. ಟೇಪು ಹಿಡಿದ. ಬೈಯಲಿಲ್ಲ.
ಬಿಸಿ ರೊಟ್ಟಿ ಹರಿದು ದೊಡ್ಡ ತುಂಡು ನನಗೇ ಕೊಟ್ಟ,
ಬೈದಿದ್ದರೇ ವಾಸಿಯಿತ್ತು.
ಆಮೇಲೆ ಗ್ರೈಂಡರ್ ಹಿಡಿದು
ನನ್ನ ಚೆಂದವನ್ನೆಲ್ಲ ಕಿಡಿ ಮಾಡಿ ಹಾರಿಸಿದ.
"ಕಬ್ಬಿಣ ಕಾದರೆ ನಾವೂ ಕಾಯಬೇಕು," ಎಂದ.
ಬೆರಳುದ್ದ ಬೆಸೆ. ಎದುರಿಗೆ ಹೋಗು. ಬೆರಳುದ್ದ ಬೆಸೆ.
ಒಂದು ಸಿಗರೇಟು ಸೇದು.
ಅಂಗೈ ತಾಳುವಷ್ಟು ಆರಿತೇ? ಈಗ ಇನ್ನೊಂದು ಬೆರಳು.

ಚಳಿಗಾಲ ಪೂರ್ತಿ ಅದನ್ನು ಹೊರಗೆ ನಿಲ್ಲಿಸಿದೆವು.
ಉಕ್ಕಿಗೂ ಒಳಗುದಿ ಇರುತ್ತದಂತೆ,
ಹಿಮಕ್ಕೆ ಬಿಟ್ಟರೆ ಸುಮ್ಮನಾಗುತ್ತದಂತೆ.
ನಿಜವೋ, ಗಿರಣಿಯವರ ನಂಬಿಕೆಯೋ, ನಾನು ಕೇಳಲಿಲ್ಲ.
ಕುಂಟ ನಾಯಿಯೊಂದು ಅದರಡಿಯಲ್ಲಿ ಮಲಗುತ್ತಿತ್ತು.
ಪಕ್ಕದ ಗ್ಯಾರೇಜಿನವರು ಹಂದಿಗೂಡೇ ಎಂದರು.

ಮಾರ್ಚಿಯಲ್ಲಿ ನದಿಯ ಮರಳು ತಂದು,
ಬಾಣಲೆಯಲ್ಲಿ ಹುರಿದು, ಕೊಳವೆಗೆ ತುಂಬಿದೆವು.
ಬಡಿದರೆ ಠಣ್ಣೆನ್ನುತ್ತಿದ್ದದ್ದು
ಈಗ ಜೋಳದ ಮೂಟೆ ತಟ್ಟಿದ ಹಾಗೆ ದಬ್.
ಅವನಿಗೆ ಎರಡೂ ಕೇಳದು.
ಪೆನ್ಸಿಲಿನ ಒಂದು ತುದಿ ಹಲ್ಲಲ್ಲಿ ಕಚ್ಚಿ
ಇನ್ನೊಂದನ್ನು ಉಕ್ಕಿಗೆ ಒತ್ತಿ
ಸುತ್ತಿಗೆ ಎತ್ತೆಂದು ನನಗೆ ಸನ್ನೆ ಮಾಡಿದ. ಹೊಡೆದೆ.
ಕಣ್ಣು ಮುಚ್ಚಿಯೇ ಇದ್ದ.
"ಸತ್ತಿದೆ," ಎಂದ, ಬಹಳ ಸಂತೋಷದಿಂದ.

ಸಮ ಮಾಡಲು ಗೋಚಾ ಒಂದು ಕಲ್ಲು ಸಾಲ ಕೊಟ್ಟ,
ಕನ್ನಡಿಯಂಥ ಕರಿ ಸಮಾಧಿಗಲ್ಲು, ಹೆಸರಿನ್ನೂ ಬಿದ್ದಿಲ್ಲ.
ಅದಕ್ಕೆ ಮೇಣ ಸವರಿ, ಚೌಕಟ್ಟನ್ನು ಬೋರಲು ಹಾಕಿ
ನಡುವಿನ ಸಂದಿಗೆ ಅಂಟು ಹೊಯ್ದೆವು,
ಕಲ್ಲಿನ ಸಮ ಉಕ್ಕಿಗೆ ಇಳಿಯಲೆಂದು.
ನಮ್ಮಿಬ್ಬರ ಮುಖ ಕಲ್ಲೊಳಗೆ ಕಾಣುತ್ತಿತ್ತು.
ನಾನು ಬಟ್ಟೆ ಮುಚ್ಚಿದೆ.

ಮೂರು ದಿನ ಬಿಟ್ಟು ಎತ್ತಿ, ಗೇಜಿಟ್ಟು ನಡೆಸಿದೆ.
ಮುಳ್ಳು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ಅಲುಗಿತು.
ಬಾಗಿಲು ತೆರೆದೆ, ಬಿಸಿಲು ಬಿತ್ತು, ಏಳಾಯಿತು.
ಮುಚ್ಚಿ ಕೂತೆ. ಸಂಜೆಗೆ ಮತ್ತೆ ನಾಲ್ಕು.

ಮೋಟಾರಿಗೆ ಇನ್ನೂ ದುಡ್ಡಿಲ್ಲ.
ಸೋಮವಾರ ಗೋಚಾ ಬಂದ: ಕಲ್ಲು ಬೇಕಂತೆ, ಯಾರೋ ಹೋದರಂತೆ.
ಅದರ ಮೂಲೆಯಲ್ಲಿ ಅಂಟಿನ ಹನಿಯೊಂದು ಗಟ್ಟಿಯಾಗಿ ಕೂತಿತ್ತು.
ಉಗುರಿಂದ ಕೆರೆದೆ, ಚಾಕು ತಂದೆ, ಬಿಡಲಿಲ್ಲ.
"ಇರಲಿ ಬಿಡು," ಎಂದ,
"ಅಲ್ಲೊಂದು ದ್ರಾಕ್ಷಿ ಎಲೆ ಕೆತ್ತುತ್ತೇನೆ."